ಎಂಟರಿಂದ ಹನ್ನೆರಡು ವರ್ಷದವರಿಗೆ

ಪುಸ್ತಕದ ಹಿಂಬದಿಯಲ್ಲಿ ‘8ರಿಂದ 12 ವರ್ಷದವರಿಗೆ’ ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿರುತ್ತದೆ. ನನ್ನ ವಯಸ್ಸನ್ನು ನಾಲ್ಕರಿಂದ ಭಾಗಿಸಿದರೆ ಬರುವ ಉತ್ತರ ಈ ಮಿತಿಯೊಳಗೇ, ಕೊನೆಯ ಮೆಟ್ಟಿಲಿನ ಮೇಲೆ, ಹೇಗೋ ಕಾಲೂರಿ ನಿಲ್ಲುತ್ತದೆ. ನಾನು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಪಾಠ ಮಾಡುವವಳು. ಆಚೆ ಬದಿ ಈಚೆ ಬದಿ ಸರಿದೂಗಿಸುವುದು ನನಗೆ ಹೊಸದಲ್ಲ. ಹಾಗಾಗಿ ಮಕ್ಕಳಿಗೆಂದು ಬರೆದ ದೆವ್ವದ ಕಥೆಗಳನ್ನು ನಾನು ಹಕ್ಕಿನಿಂದಲೇ ಓದುತ್ತೇನೆ. ಕದ್ದು ಓದುತ್ತಾಳೆ ಅಂತ ಮನೆಯವರು ಹೇಳುತ್ತಾರೆ, ಅದು ಬೇರೆ ವಿಷಯ.

ಮಗ ಮನೆಯಲ್ಲಿದ್ದಷ್ಟು ಕಾಲ ಕದಿಯುವ ಪ್ರಮೇಯವೇ ಇರಲಿಲ್ಲ. ‘ಹುಡುಗ ಏನು ಓದ್ತಾನೆ ಅಂತ ತಾಯಿಯಾದವಳು ನೋಡ್ಬೇಕಲ್ವಾ’ ಎಂಬ ಒಂದೇ ಮಾತಿನ ಮರೆಯಲ್ಲಿ ಅವನ ಕಪಾಟನ್ನೆಲ್ಲ ಮುಗಿಸಿದೆ. ಕೆಲವು ಪುಸ್ತಕಗಳನ್ನು ‘ಇದು ನಿನಗೆ ಬೇಡ, ರಾತ್ರಿ ಹೆದರ್ಕೋತೀಯ’ ಎಂದು ಅವನ ಕೈಗೇ ಕೊಡದೆ ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೆ. ಆಮೇಲೆ ಅವನು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೊರಟುಹೋದ. ಮಕ್ಕಳ ಖಾಲಿ ಕೋಣೆ ನೋಡಿ ತಾಯಂದಿರು ಕಣ್ಣೀರು ಹಾಕುತ್ತಾರಂತೆ. ನಾನೂ ಹಾಕಿದೆ, ಇನ್ನು ಯಾರ ಹೆಸರು ಹೇಳಿ ಪುಸ್ತಕ ತರಲಿ ಎಂದು. ಗ್ರಂಥಾಲಯದ ಮಕ್ಕಳ ವಿಭಾಗಕ್ಕೆ ಹೋಗಿ ಎರಡು ಪುಸ್ತಕ ಎತ್ತಿಕೊಂಡರೆ ಅಲ್ಲಿದ್ದ ಹುಡುಗಿ ನಗುನಗುತ್ತಾ ‘ಮೊಮ್ಮಕ್ಕಳಿಗಾ ಮೇಡಂ?’ ಅಂದಳು. ಆವತ್ತಿನ ಎದೆನಡುಕವನ್ನು ಯಾವ ದೆವ್ವವೂ ಇದುವರೆಗೆ ಕೊಟ್ಟಿಲ್ಲ. ‘ಹೂಂ ಕಣಮ್ಮ’ ಎಂದುಬಿಟ್ಟೆ. ಪುಸ್ತಕ ಮೊದಲು, ಮಾನ ಆಮೇಲೆ.

ಈಗ ನನಗೆ ಸರಬರಾಜು ಎದುರುಮನೆಯ ಪುಟ್ಟಿಯಿಂದ. ಆರನೇ ಕ್ಲಾಸು. ಪುಸ್ತಕ ಕೊಡಲು ಅವಳದೇ ಷರತ್ತುಗಳಿವೆ: ಪುಟದ ಕಿವಿ ಮಡಿಸಬಾರದು, ಒಗ್ಗರಣೆ ಕೈಯಲ್ಲಿ ಮುಟ್ಟಬಾರದು, ಹೆದರಿಕೆಯಾದರೆ ರಾತ್ರಿ ಹೊತ್ತು ಅವರ ಮನೆಗೆ ಫೋನ್ ಮಾಡಬಾರದು. ಕೊನೆಯ ಷರತ್ತು ಸೇರಿದ್ದು ಸ್ವಲ್ಪ ತಡವಾಗಿ.

ನಮ್ಮವರಿಗೆ ಇದೆಲ್ಲ ನಾಚಿಕೆಗೇಡು. ಅವರು ಓದುವುದು ಅರ್ಥಶಾಸ್ತ್ರ, ನೋಡುವುದು ರಕ್ತ ಚಿಮ್ಮುವ ಸಿನಿಮಾ. ಮಧ್ಯರಾತ್ರಿ ದೀಪ ಆರಿಸಿ, ಒಗ್ಗರಣೆ ಮಂಡಕ್ಕಿ ತಿನ್ನುತ್ತಾ, ತೆರೆಯ ಮೇಲೆ ಯಾರದೋ ತಲೆ ಉರುಳುವಾಗ ‘ಉಪ್ಪು ಕಮ್ಮಿ ಆಯ್ತು ಕಣೇ’ ಅನ್ನಬಲ್ಲ ಜನ. ನಾನೋ, 1979ರ ‘ನಾ ನಿನ್ನ ಬಿಡಲಾರೆ’ ಚಿತ್ರವನ್ನು ಟೆಂಟಿನಲ್ಲಿ ಚಿಕ್ಕಮ್ಮನ ಸೆರಗಿನೊಳಗೆ ಕೂತು ಬರೀ ಕೇಳಿಸಿಕೊಂಡವಳು. ಅನಂತನಾಗ್ ಅದರಲ್ಲಿ ಹೇಗೆ ಕಾಣುತ್ತಾರೆಂದು ಇವತ್ತಿಗೂ ನೋಡಿಲ್ಲ. ದೊಡ್ಡವಳಾದ ಮೇಲೆ, ಬೆಂಗಳೂರಿನ ಬೀದಿಬೀದಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಆ ತೊಂಬತ್ತರ ದಶಕದಲ್ಲಿ, ನಮ್ಮ ಹಾಸ್ಟೆಲಿನ ಬಾಗಿಲಿಗೆ ಸೀಮೆಸುಣ್ಣ ಹಿಡಿದು ಎಲ್ಲರಿಗಿಂತ ಮೊದಲು ಓಡಿದ್ದೂ ನಾನೇ. ಬರೆದವಳು ಅಲ್ಲಿಗೇ ಬಿಡಲಿಲ್ಲ. ಕೆಳಗೆ ಇಂಗ್ಲಿಷಿನಲ್ಲೂ ಬರೆದೆ. ದೆವ್ವ ಹೊರರಾಜ್ಯದ್ದಾಗಿದ್ದರೆ?

‘ಓದೋದಾದ್ರೆ ದೊಡ್ಡವರ ಕಾದಂಬರಿ ಓದು’ ಎಂದು ಇವರು ಒಮ್ಮೆ ಒಂದು ದಪ್ಪ ಪುಸ್ತಕ ತಂದುಕೊಟ್ಟರು. ಓದಿ ನೋಡಿದೆ. ದೊಡ್ಡವರ ದೆವ್ವದ ಕಾದಂಬರಿಯಲ್ಲಿ ಮೊದಲು ಸಾಲ ಮಾಡಿ ಮನೆ ಕೊಳ್ಳುತ್ತಾರೆ. ಗಂಡನಿಗೆ ಕೆಲಸ ಹೋಗಿರುತ್ತದೆ, ಹೆಂಡತಿಗೆ ನಿದ್ದೆ ಹೋಗಿರುತ್ತದೆ, ಗೋಡೆಗೆ ತೇವ ಹಿಡಿದಿರುತ್ತದೆ. ಇದೆಲ್ಲ ಓದಲು ನಾನು ದುಡ್ಡು ಯಾಕೆ ಕೊಡಲಿ, ತೇವ ನಮ್ಮ ಬಚ್ಚಲ ಗೋಡೆಯಲ್ಲೇ ಇದೆ. ಇನ್ನೂರು ಪುಟ ಕಳೆದ ಮೇಲೆ ದೆವ್ವ ಬರುತ್ತದೆ, ಬಂದಿದ್ದಕ್ಕೆ ಸಮಾಧಾನವೇ ಆಗುತ್ತದೆ. ಕೊನೆಗೆ ಲೇಖಕರು ‘ದೆವ್ವ ನಿಜವಾಗಿ ಇತ್ತೋ, ಅವಳ ಮನಸ್ಸಿನಲ್ಲೇ ಇತ್ತೋ’ ಎಂದು ಕೈ ತೊಳೆದುಕೊಳ್ಳುತ್ತಾರೆ. ದುಡ್ಡು ಕೊಟ್ಟವಳಿಗೆ ಒಂದು ದೆವ್ವವನ್ನೂ ಖಾತ್ರಿಯಾಗಿ ಕೊಡದ ಇದೆಂಥ ವ್ಯಾಪಾರ?

ಮಕ್ಕಳ ಪುಸ್ತಕದಲ್ಲಿ ಈ ಮೋಸ ಅಪರೂಪ. ದೆವ್ವ ಇದೆ ಎಂದರೆ ಇದೆ. ಅದಕ್ಕೊಂದು ಬೇಡಿಕೆ ಇರುತ್ತದೆ: ಬಾವಿಯಲ್ಲಿ ಬಿದ್ದ ಮೂಳೆ ಎತ್ತಿ ಹೂಳಬೇಕು, ಕಳೆದ ಲಾಕೆಟ್ಟು ಹುಡುಕಿಕೊಡಬೇಕು, ಸುಳ್ಳು ಅಪವಾದ ತೊಳೆಯಬೇಕು. ಬೇಡಿಕೆ ಈಡೇರಿತೋ, ಬಂದ ದಾರಿಯಲ್ಲಿ ಹೋಗುತ್ತದೆ. ಇಷ್ಟು ಸ್ಪಷ್ಟವಾಗಿ ತಮಗೇನು ಬೇಕೆಂದು ಹೇಳಿ, ಅದು ಸಿಕ್ಕ ಕೂಡಲೇ ಎದ್ದು ಹೊರಡುವ ನೆಂಟರನ್ನು ನಮ್ಮ ಮನೆಯಲ್ಲಿ ನಾನು ಕಂಡಿಲ್ಲ. ಹೆದರಿಕೆಯೂ ಹದವಾಗಿರುತ್ತದೆ. ಚೌಚೌ ಬಾತಿನ ಖಾರಾಬಾತ್ ಇದ್ದ ಹಾಗೆ. ನಾಲಿಗೆ ಸುಟ್ಟರೂ ಪಕ್ಕದಲ್ಲೇ ಕೇಸರಿಬಾತ್ ಇದೆ ಎಂಬ ಧೈರ್ಯ.

ಈ ಹದವನ್ನು ಕಾರ್ಖಾನೆ ಮಟ್ಟಕ್ಕೆ ಏರಿಸಿದವರು ಅಮೆರಿಕದ ಆರ್.ಎಲ್. ಸ್ಟೈನ್. ‘ಗೂಸ್‌ಬಂಪ್ಸ್’ ಮಾಲೆಯ ಮೊದಲ ಪುಸ್ತಕ ಬಂದದ್ದು 1992ರಲ್ಲಿ. 1997ಕ್ಕೆ ಮೊದಲ ಸರಣಿ ಮುಗಿಯುವಾಗ ಪುಸ್ತಕಗಳು 62. ಅಧ್ಯಾಯ ಮುಗಿಯುವಾಗ ಕತ್ತಲಲ್ಲಿ ಒಂದು ಕೈ ಬಂದು ಹುಡುಗಿಯ ಕತ್ತು ಹಿಡಿಯುತ್ತದೆ. ಪುಟ ತಿರುಗಿಸಿದರೆ ಅದು ತಮ್ಮನ ಕೈ. ಮುಂದಿನ ಅಧ್ಯಾಯದ ಕೊನೆಗೆ ಮತ್ತೆ ಕಿರುಚಾಟ, ಪುಟ ತಿರುಗಿಸಿದರೆ ಬೆಕ್ಕು. ಲೆಕ್ಕಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಪ್ರತಿ ಅಧ್ಯಾಯಕ್ಕೂ ಒಂದು ಕೈಸಾಲ, ಮರುಪುಟದಲ್ಲೇ ವಸೂಲಿ. ಇದೇ ವ್ಯಕ್ತಿ ಅದಕ್ಕೂ ಮೊದಲು ‘ಜೋವಿಯಲ್ ಬಾಬ್ ಸ್ಟೈನ್’ ಎಂಬ ಹೆಸರಿನಲ್ಲಿ ಮಕ್ಕಳಿಗೆ ನಗೆಹನಿ ಪುಸ್ತಕ ಬರೆಯುತ್ತಿದ್ದರು ಎಂದು ತಿಳಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ. ನಗಿಸುವುದಕ್ಕೂ ಹೆದರಿಸುವುದಕ್ಕೂ ಬೇಕಾದದ್ದು ಯಾವ ಗಳಿಗೆಯಲ್ಲಿ ಬಾಯಿ ಮುಚ್ಚಬೇಕೆಂಬ ಲೆಕ್ಕ. ಒಂದೇ ತಕರಾರು: ಎಲ್ಲ ಮುಗಿದು ನೆಮ್ಮದಿಯಾಗುವ ಹೊತ್ತಿಗೆ ಕೊನೆಯ ಪುಟದಲ್ಲಿ ಇನ್ನೊಂದು ಏಟು ಕೊಡುವ ಕೆಟ್ಟ ಚಾಳಿ ಈ ಮನುಷ್ಯನಿಗಿದೆ. ಅದಕ್ಕೇ ಅವರ ಕೊನೆಯ ಪುಟವನ್ನು ನಾನು ಮೊದಲು, ಬೆಳಗಿನ ತಿಂಡಿಯ ಹೊತ್ತಿನಲ್ಲಿ ಓದಿಬಿಡುತ್ತೇನೆ.

ಸ್ಟೈನ್ ಸೃಷ್ಟಿಸಿದ ಪೀಡೆಗಳಲ್ಲಿ ಹೆಸರು ಮಾಡಿದ್ದು ಸ್ಲ್ಯಾಪಿ ಎಂಬ ಮಾತಾಡುವ ಬೊಂಬೆ. ಮರದ ಬೊಂಬೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಜಾಗ ಬದಲಿಸುತ್ತದೆ, ಕಣ್ಣು ಹೊರಳಿಸುತ್ತದೆ. ಮೈಸೂರಿನಲ್ಲಿ ಮನೆ ಮಾಡಿಕೊಂಡು ಇಂಥದ್ದನ್ನು ನವರಾತ್ರಿಯ ಹಿಂದಿನ ವಾರ ಓದಬಾರದು. ಪಾಡ್ಯದ ದಿನ ಅಟ್ಟದ ಟ್ರಂಕು ಇಳಿಸಿ, ಹಳೇ ಪಂಚೆ ಬಿಚ್ಚಿದರೆ, ನನ್ನ ಮದುವೆಯಲ್ಲಿ ಕೊಟ್ಟ ಪಟ್ಟದ ರಾಜ ರಾಣಿ ಇಬ್ಬರೂ ರೆಪ್ಪೆಯಿಲ್ಲದ ಕಣ್ಣುಗಳಿಂದ ನೆಟ್ಟಗೆ ನನ್ನನ್ನೇ ನೋಡಿದರು. ಇಷ್ಟು ವರ್ಷ ನಾನೇ ಅವರಿಗೆ ರೇಷ್ಮೆ ಉಡಿಸಿದ್ದೇನೆ, ಪೇಟ ಕಟ್ಟಿದ್ದೇನೆ. ಆದರೂ ಈ ಸಲ ರಾಜನ ತುಟಿಯಂಚಿನಲ್ಲಿ ಏನೋ ಇತ್ತು. ಮೆಟ್ಟಿಲ ಮೇಲೆ ಕೂರಿಸುವಾಗ ಇಬ್ಬರನ್ನೂ ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ.

ಸಂಜೆ ಬೊಂಬೆ ನೋಡಲು ಬೀದಿಯ ಹೆಂಗಸರೆಲ್ಲ ಬಂದರು. ಅತ್ತೆಯವರು ಆರತಿತಟ್ಟೆ ಹಿಡಿದು ಬಂದವರೇ ನಿಂತುಬಿಟ್ಟರು.

‘ಎಂತದೇ ಇದು? ರಾಜ ರಾಣಿ ಜಗಳ ಆಡ್ಕಂಡು ಕೂತಿದಾರಾ?’

‘ಈಗಿನ ಕಾಲದ ಥೀಮ್ ಅತ್ತೆ’ ಎಂದೆ.

ಬಂದವರಲ್ಲೊಬ್ಬರು ‘ತುಂಬಾ ಡಿಫರೆಂಟಾಗಿದೆ’ ಎಂದು ಫೋಟೋ ತೆಗೆದುಕೊಂಡರು. ಅಷ್ಟರಲ್ಲಿ ಪುಟ್ಟಿ ಚರುಪು ತಿನ್ನುತ್ತಾ ‘ಆಂಟಿ ಸ್ಲ್ಯಾಪಿ ಓದಿದಾರೆ’ ಎಂದು ಎಲ್ಲರೆದುರು ಸತ್ಯ ನುಡಿದಳು. ಅತ್ತೆಯವರು ರಾಜ ರಾಣಿಯರನ್ನು ಸಭೆಯ ಕಡೆ ತಿರುಗಿಸಿದರು. ರಾತ್ರಿ ನೀರು ಕುಡಿಯಲು ನಡುಮನೆ ದಾಟಲೇಬೇಕು. ಆ ನವರಾತ್ರಿಯಷ್ಟೂ ನಾನು ಬಾಯಾರಿಕೆ ತಡೆದುಕೊಂಡು ಮಲಗಿದೆ. ವಿಜಯದಶಮಿಯ ರಾತ್ರಿ ಪಟ್ಟದ ಬೊಂಬೆಗಳನ್ನು ಮಲಗಿಸುವ ಶಾಸ್ತ್ರವನ್ನು ನನ್ನಷ್ಟು ಭಕ್ತಿಯಿಂದ ಮೈಸೂರಿನಲ್ಲಿ ಇನ್ನಾರೂ ಮಾಡಿರಲಾರರು.

ಅತ್ತೆಯವರ ವಿಷಯ ಬಂತಲ್ಲ. ಅವರು ತೀರ್ಥಹಳ್ಳಿ ಕಡೆಯವರು, ದೆವ್ವಗಳ ಮಧ್ಯೆ ಹುಟ್ಟಿ ಬೆಳೆದವರು. ಅವರ ಬಾಯಲ್ಲಿ ದೆವ್ವದ ಕಥೆ ಬರುವುದೇ ಬೇರೆ ರೀತಿ. ಕಿರುಚಾಟವಿಲ್ಲ, ಅಧ್ಯಾಯವಿಲ್ಲ, ಸೊಪ್ಪು ಬಿಡಿಸುವ ಕೈ ನಿಲ್ಲುವುದೂ ಇಲ್ಲ. ‘ಗದ್ದೆಬಯಲಲ್ಲಿ ಕೊಳ್ಳಿದೆವ್ವ ಸಾಲಾಗಿ ಹೋಗ್ತಿದ್ವು, ನಾವು ಜಗಲಿ ಮೇಲೆ ಕೂತು ಎಣಿಸ್ತಿದ್ವಿ’ ಎಂದು ಬಸ್ಸಿನ ವೇಳಾಪಟ್ಟಿ ಹೇಳುವ ದನಿಯಲ್ಲಿ ಹೇಳುತ್ತಾರೆ. ತೋಟದ ರಂಜದ ಮರದಲ್ಲಿ ಒಬ್ಬ ಬ್ರಹ್ಮರಾಕ್ಷಸನಿದ್ದ, ಅವನಿಗೆ ವರ್ಷಕ್ಕೊಂದು ಎಡೆ. ಕೆರೆ ಏರಿಯ ಮೇಲೆ ಬಿಳಿ ಸೀರೆ ಉಟ್ಟು ನಿಲ್ಲುತ್ತಿದ್ದವಳ ಸುದ್ದಿ ಕೇಳಿ ನಾನು ನಡುಗಿ ‘ನಿಮಗೆ ಹೆದರಿಕೆ ಆಗ್ಲಿಲ್ವಾ ಅತ್ತೆ?’ ಎಂದರೆ, ‘ಹೆದರೋದೆಂತ ಮಾರಾಯ್ತಿ, ಅದು ನಮ್ಮ ಚಿಕ್ಕಜ್ಜಿ ಅಲ್ವಾ’ ಎಂದು ಇನ್ನೊಂದು ಕಟ್ಟು ಸೊಪ್ಪು ಕೈಗೆತ್ತಿಕೊಂಡರು. ಈ ದೆವ್ವಗಳಿಗೆ ಹೆಸರಿದೆ, ಊರಿದೆ, ಪಹಣಿಯಲ್ಲಿ ಬಗೆಹರಿಯದ ಪಾಲಿದೆ. ನನಗೆ ನಿದ್ದೆಗೆಡಿಸುವುದು ಅದೇ. ಅಮೆರಿಕದ ದೆವ್ವಕ್ಕೆ ನಮ್ಮ ಮನೆ ವಿಳಾಸ ಗೊತ್ತಿಲ್ಲ. ಚಿಕ್ಕಜ್ಜಿಗೆ ನಾನು ಮನೆಯ ಸೊಸೆ.

ಅತ್ತೆಯವರ ಮುಂದೆ ನನ್ನ ಓದಿಗೆ ಸ್ವಲ್ಪ ಮರ್ಯಾದೆ ತಂದುಕೊಟ್ಟವರು ಇಂಗ್ಲೆಂಡಿನ ಜೊನಾಥನ್ ಸ್ಟ್ರೌಡ್. ಅವರ ‘ಲಾಕ್‌ವುಡ್ ಅಂಡ್ ಕೊ’ ಮಾಲೆಯ ಮೊದಲ ಪುಸ್ತಕ 2013ರದು. ಬ್ರಿಟನ್ನಿನ ತುಂಬ ದೆವ್ವಗಳ ಕಾಟ, ಕತ್ತಲಾದರೆ ಕರ್ಫ್ಯೂ. ವಿಶೇಷವೆಂದರೆ ಅಲ್ಲಿ ದೆವ್ವ ಕಾಣುವುದು, ಕೇಳಿಸುವುದು ಮಕ್ಕಳಿಗೆ ಮಾತ್ರ; ದೊಡ್ಡವರಾದಂತೆ ಆ ಶಕ್ತಿ ಹೋಗಿಬಿಡುತ್ತದೆ. ಹಾಗಾಗಿ ಹುಡುಗ ಹುಡುಗಿಯರು ಕತ್ತಿ ಹಿಡಿದು ಒಳಗೆ ನುಗ್ಗುತ್ತಾರೆ, ದೊಡ್ಡವರು ಮೇಲ್ವಿಚಾರಕರೆಂಬ ಹೆಸರಿನಲ್ಲಿ ಸುರಕ್ಷಿತ ದೂರದಲ್ಲಿ ನಿಂತು ಸೂಚನೆ ಕೊಡುತ್ತಾರೆ. ಇಷ್ಟು ನಿಖರವಾಗಿ ನನ್ನ ವೃತ್ತಿಜೀವನವನ್ನು ಇನ್ನಾರೂ ಬರೆದಿಲ್ಲ. ಆ ಮಕ್ಕಳ ಏಜೆನ್ಸಿಯಲ್ಲಿ ಟೀ ಮತ್ತು ಬಿಸ್ಕತ್ತಿಗೆ ಕೊಡುವ ಮಹತ್ವವೂ ನನಗೆ ಹಿಡಿಸಿತು. ಸರದಿ ಬಿಟ್ಟು ಯಾರೂ ಬಿಸ್ಕತ್ತು ತೆಗೆಯುವಂತಿಲ್ಲ.

ಅಲ್ಲಿ ದೆವ್ವ ತಡೆಯುವ ಆಯುಧಗಳೆಂದರೆ ಕಬ್ಬಿಣ, ಉಪ್ಪು, ಬೆಳ್ಳಿ, ಲ್ಯಾವೆಂಡರ್ ಹೂವು. ಇದನ್ನು ಅತ್ತೆಯವರಿಗೆ ಹೇಳಿದೆ.

‘ಬಾಣಂತಿ ತಲೆದಿಂಬಿನ ಕೆಳಗೆ ಕತ್ತಿ ಇಡೋದು ಮತ್ತೆ ಎಂತಕ್ಕೆ? ಮಗುವಿಗೆ ಕಲ್ಲುಪ್ಪು ನಿವಾಳಿಸೋದು ಎಂತಕ್ಕೆ?’ ಎಂದರು. ಸ್ವಲ್ಪ ಹೊತ್ತು ಯೋಚಿಸಿ, ‘ಲಂಡನ್ನಿನವರಿಗೂ ಈಗ ಗೊತ್ತಾಯ್ತಾ? ಒಳ್ಳೇದಾಯ್ತು’ ಎಂದು ಸೇರಿಸಿದರು. ಹೂವಿನ ವಿಷಯ ಮಾತ್ರ ಒಪ್ಪಲಿಲ್ಲ.

ಆವತ್ತಿನಿಂದ ರಾತ್ರಿ ಸಂಪಿನ ಮೋಟರ್ ಆರಿಸಲು ಹಿತ್ತಲಿಗೆ ಹೋಗುವಾಗ ನಾನು ದೋಸೆ ಕಾವಲಿ ತೆಗೆದುಕೊಂಡು ಹೋಗುತ್ತೇನೆ. ಎರಕದ ಕಬ್ಬಿಣ, ಒಳ್ಳೆ ತೂಕವಿದೆ. ‘ಮೋಟರ್ ಆಫ್ ಮಾಡೋಕೆ ಕಾವಲಿ ಯಾಕೇ?’ ಎಂದು ಇವರು ಕೇಳಿದರು. ‘ನೀವೇ ಹೋಗಿ ಆಫ್ ಮಾಡಿ ಹಾಗಾದ್ರೆ’ ಎಂದೆ. ಆ ಪ್ರಶ್ನೆ ಮತ್ತೆ ಬಂದಿಲ್ಲ.

ಇಷ್ಟೆಲ್ಲ ಓದಿಯೂ ನಾನು ಗಟ್ಟಿಗಿತ್ತಿ ಎಂದುಕೊಂಡಿದ್ದೆ, ಪುಟ್ಟಿ ‘ಕೊರಲೈನ್’ ತಂದುಕೊಡುವ ತನಕ. 2002ರಲ್ಲಿ ಬಂದದ್ದು, ತೆಳ್ಳಗಿನ ಪುಸ್ತಕ, ನೀಲ್ ಗೈಮನ್ ಬರೆದದ್ದು. ಹುಡುಗಿಯೊಬ್ಬಳು ಹೊಸ ಮನೆಯಲ್ಲಿ ಒಂದು ಬಾಗಿಲು ತೆರೆಯುತ್ತಾಳೆ. ಆಚೆಗೆ ಇಂಥದೇ ಮನೆ, ಇಂಥವಳೇ ಇನ್ನೊಬ್ಬ ಅಮ್ಮ, ಕಣ್ಣಿರಬೇಕಾದಲ್ಲಿ ಮಾತ್ರ ಎರಡು ಕಪ್ಪು ಗುಂಡಿಗಳು. ಮಕ್ಕಳು ಇದನ್ನು ಸಾಹಸದ ಕಥೆ ಎಂದು ಓದುತ್ತಾರೆ, ನಡುಗುವವರು ದೊಡ್ಡವರು ಎಂದು ಬರೆದವರೇ ಹೇಳಿಕೊಂಡಿದ್ದಾರೆ. ಪುಟ್ಟಿಯೂ ‘ಚೆನ್ನಾಗಿದೆ ಆಂಟಿ, ಬೆಕ್ಕು ಸೂಪರ್’ ಎಂದಷ್ಟೇ ಹೇಳಿದ್ದಳು.

ನನ್ನನ್ನು ಕೆಡಿಸಿದ್ದು ಗುಂಡಿಯಲ್ಲ. ಆಚೆಮನೆಯ ಅಮ್ಮ ಅಡುಗೆ ಚೆನ್ನಾಗಿ ಮಾಡುತ್ತಾಳೆ! ನಿಜವಾದ ಮನೆಯಲ್ಲಿ ಅಪ್ಪ ಪುಸ್ತಕ ನೋಡಿ ಏನೇನೋ ಬೇಯಿಸುತ್ತಾನೆ, ಹುಡುಗಿಗೆ ಸೇರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಕಂಪ್ಯೂಟರಿನ ಮುಂದೆ, ‘ಈಗ ಬೇಡ, ಆಮೇಲೆ’ ಎನ್ನುತ್ತಾರೆ. ಆಚೆಮನೆಯ ಅಮ್ಮನಿಗೋ ತಿದ್ದಬೇಕಾದ ಉತ್ತರಪತ್ರಿಕೆಗಳಿಲ್ಲ, ಮೀಟಿಂಗಿಲ್ಲ, ಮಗಳೊಡನೆ ಆಡಲು ಇಡೀ ದಿನವಿದೆ. ಓದುತ್ತಾ ಓದುತ್ತಾ ನನಗೆ ನಮ್ಮ ಮಗ ನೆನಪಾದ. ಅವನು ಚಿಕ್ಕವನಾಗಿದ್ದಾಗ ಎಷ್ಟು ಸಂಜೆ ಉಪ್ಪಿಟ್ಟು, ಎಷ್ಟು ಸಲ ‘ಪೇಪರ್ ವ್ಯಾಲ್ಯುಯೇಷನ್ ಮುಗೀಲಿ ಪುಟ್ಟಾ’. ನಮ್ಮ ಮನೆಯಲ್ಲೇನಾದರೂ ಅಂಥ ಬಾಗಿಲಿದ್ದಿದ್ದರೆ? ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿಗೆ ಫೋನ್ ಮಾಡಿದೆ.

‘ಕಂದಾ, ಒಂದು ವೇಳೆ ಇನ್ನೊಬ್ಬ ಅಮ್ಮ ಇದ್ದು, ದಿನಾ ಮಸಾಲೆ ದೋಸೆ ಮಾಡ್ಕೊಡ್ತೀನಿ ಅಂದಿದ್ರೆ ಹೋಗ್ತಿದ್ಯಾ?’

‘ಚಟ್ನಿ ಯಾವುದು?’ ಎಂದ.

ಮಾರನೆಯ ದಿನವೇ ಬಿಸ್ಕತ್ ಡಬ್ಬಿಯಲ್ಲಿದ್ದ ಗುಂಡಿಗಳನ್ನೆಲ್ಲ, ಸೂಜಿ ದಾರ ಸಮೇತ, ಅಟ್ಟಕ್ಕೆ ಎಸೆದೆ. ಇವರು ಅಂಗಿಯ ಹೊಟ್ಟೆಭಾಗಕ್ಕೆ ಪಿನ್ನು ಹಾಕಿಕೊಂಡು ಆಫೀಸಿಗೆ ಹೋಗಿಬರುವ ಪರಿಸ್ಥಿತಿ ಬಂದದ್ದು ಹೀಗೆ. ಮಗ ರಜೆಗೆ ಬಂದಾಗ ಉಪ್ಪಿಟ್ಟು ಮಾಡಿಲ್ಲ.

ದೊಡ್ಡವರೇ ಹೆಚ್ಚು ಹೆದರುತ್ತಾರೆ ಎಂಬುದಕ್ಕೆ ಇನ್ನೊಂದು ದಾಖಲೆ ಅಮೆರಿಕದ ಗ್ರಂಥಾಲಯ ಸಂಘದ್ದು. 1990ರ ದಶಕದಲ್ಲಿ ಅಲ್ಲಿ ಅತಿ ಹೆಚ್ಚು ಆಕ್ಷೇಪಣೆಗೆ ಗುರಿಯಾದ ಪುಸ್ತಕಗಳ ಪಟ್ಟಿಯಲ್ಲಿ ಮೊದಲು ನಿಂತದ್ದು ಆಲ್ವಿನ್ ಶ್ವಾರ್ಟ್ಸ್ ಅವರ ‘ಸ್ಕೇರಿ ಸ್ಟೋರೀಸ್’ ಮಾಲೆ. ಅದಕ್ಕೆ ಸ್ಟೀಫನ್ ಗ್ಯಾಮೆಲ್ ಬರೆದ ಚಿತ್ರಗಳನ್ನು ನೋಡಿದವರಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ. ದೂರಿಗೆ ಕಾರಣ ಮಕ್ಕಳ ಹಿತ ಎಂದೇ ಇರುತ್ತದೆ. ಮಗು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಗ ದೀಪ ಹಾಕಿಕೊಂಡು ಎದ್ದು ಕೂತವರು ಯಾರು ಎಂದು ನಾನು ಬಲ್ಲೆ.

ನಮ್ಮ ರಸ್ಕಿನ್ ಬಾಂಡ್ ಚಿತ್ರವನ್ನೂ ಬಳಸುವುದಿಲ್ಲ, ಪುಟವನ್ನೂ ದಂಡ ಮಾಡುವುದಿಲ್ಲ. ‘ಎ ಫೇಸ್ ಇನ್ ದ ಡಾರ್ಕ್’ ಎರಡು ಮೂರು ಪುಟದ ಕಥೆ. ಶಿಮ್ಲಾ ಬಳಿಯ ಶಾಲೆಯ ಮೇಷ್ಟ್ರು ರಾತ್ರಿ ಪೈನ್ ಮರಗಳ ಕಾಡುದಾರಿಯಲ್ಲಿ ಟಾರ್ಚ್ ಹಿಡಿದು ಬರುತ್ತಿದ್ದಾರೆ, ಬಂಡೆಯ ಮೇಲೆ ಒಬ್ಬ ಹುಡುಗ ತಲೆ ತಗ್ಗಿಸಿ ಅಳುತ್ತಾ ಕೂತಿದ್ದಾನೆ. ಮುಂದಿನದನ್ನು ನಾನು ಹೇಳುವುದಿಲ್ಲ, ಕೊನೆಯಲ್ಲಿ ಕಾವಲುಗಾರನೊಬ್ಬ ಬರುತ್ತಾನೆ ಎಂದಷ್ಟೇ ಹೇಳುತ್ತೇನೆ. ಅದನ್ನು ಓದಿ ಮುಗಿಸಿದ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ಗೂರ್ಖಾ ತಿಂಗಳ ದುಡ್ಡು ಕೇಳಲು ಬಂದು, ಕಿಟಕಿಯ ಬಳಿ ಟಾರ್ಚ್ ಬೆಳಕು ಹಾಯಿಸಿ ‘ಮೇಂಸಾಬ್’ ಎಂದ. ಕಣ್ಣು ಮುಚ್ಚಿಕೊಂಡೇ ಸರಳುಗಳ ಸಂದಿಯಿಂದ ಕೈಗೆ ಸಿಕ್ಕ ನೋಟು ಚಾಚಿದೆ. ಅದು ಐನೂರರದ್ದು. ಅವನು ಈಗ ಉಳಿದ ಮನೆಗಳಿಗಿಂತ ಹೆಚ್ಚು ಶ್ರದ್ಧೆಯಿಂದ ನಮ್ಮ ಮನೆಯ ಮುಂದೆ ಸೀಟಿ ಊದುತ್ತಾನೆ, ಒಂದು ಗಂಟೆಗೂ, ಎರಡು ಗಂಟೆಗೂ.

ಈ ವಿಷಯದಲ್ಲಿ ಬಂಗಾಳಿಗಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೀನಿನಾಸೆಯ ದೆವ್ವಕ್ಕೇ ಅಲ್ಲಿ ಪ್ರತ್ಯೇಕ ಜಾತಿಯಿದೆ. ಶೀರ್ಷೇಂದು ಮುಖೋಪಾಧ್ಯಾಯರ ‘ಗೋಸಾಯಿ ಬಾಗಾನೇರ್ ಭೂತ್’ ಅನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಹುಡುಗನಿಗೆ ಗಣಿತದಲ್ಲಿ 13 ಅಂಕ ಬಂದು ಮನೆಯಲ್ಲಿ ಯಾರೂ ಮಾತಾಡಿಸುತ್ತಿಲ್ಲ. ಆ ದುಃಖದಲ್ಲಿ ಅವನ ಎದುರು ದೆವ್ವ ಬಂದು ನಿಂತರೂ ಅವನಿಗೆ ಹೆದರಿಕೆಯೇ ಆಗುವುದಿಲ್ಲ. ಪಾಪ, ದೆವ್ವ ಏನೇನು ಕಸರತ್ತು ಮಾಡಿದರೂ ಲಕ್ಷ್ಯವಿಲ್ಲ. ನನ್ನ ಕ್ಲಾಸಿನ ಹಿಂದಿನ ಬೆಂಚು ಕಣ್ಮುಂದೆ ಬಂದು, ಜೀವನದಲ್ಲಿ ಮೊದಲ ಬಾರಿಗೆ ದೆವ್ವದ ಪರ ನಿಂತೆ.

ನಮ್ಮಲ್ಲಿ ಕಚ್ಚಾವಸ್ತುವಿಗೇನು ಬರವಿದೆಯೇ? ಹೆಗಲ ಮೇಲೆ ಹೆಣ ಹೊತ್ತು ಸ್ಮಶಾನದಲ್ಲಿ ನಡೆಯುವ ರಾಜನನ್ನು ತಿಂಗಳು ತಿಂಗಳು ಚಂದಮಾಮದಲ್ಲಿ ನೋಡಿ ಬೆಳೆದವರು ನಾವು. ಊಟ ಮಾಡುತ್ತಾ ಓದುತ್ತಿದ್ದೆವು, ಯಾವ ಅಪ್ಪನೂ ದೂರು ಕೊಡಲಿಲ್ಲ. ಕನ್ನಡದ ಕಥೆಗಾರರಲ್ಲಿ ನನ್ನದೊಂದು ಕೋರಿಕೆ. ರಂಜದ ಮರದ ಬ್ರಹ್ಮರಾಕ್ಷಸನನ್ನೂ ಗದ್ದೆಬಯಲ ಕೊಳ್ಳಿದೆವ್ವಗಳನ್ನೂ ಹಾಕಿ, ಇಪ್ಪತ್ತು ಅಧ್ಯಾಯದ, ಎರಡು ರಾತ್ರಿಗೆ ಸಾಲುವ ಪುಸ್ತಕಗಳನ್ನು ಮಕ್ಕಳಿಗಾಗಿ ಬರೆಯಿರಿ. ನೀತಿ ಹಾಕಬೇಡಿ, ಅದನ್ನು ನಾವು ಮೇಷ್ಟ್ರುಗಳು ಬೇಕಾದಷ್ಟು ಹಾಕುತ್ತಿದ್ದೇವೆ. ಕೊನೆಯ ಪುಟದಲ್ಲಿ ದೆವ್ವ ಹೊರಟುಹೋಗಲೇಬೇಕು. ಬರೆಯುವವರು ಬೇಗ ಬರೆಯಿರಿ. ಅತ್ತೆಯವರಿಗೆ ಎಂಬತ್ತು ದಾಟಿದೆ, ಪುಟ್ಟಿ ಇನ್ನೇನು ಹೈಸ್ಕೂಲು ಸೇರುತ್ತಾಳೆ. ಸಾಮಗ್ರಿ ಬೇಕಿದ್ದರೆ ನಮ್ಮ ಮನೆಗೆ ಬನ್ನಿ, ಅತ್ತೆಯವರು ಸೊಪ್ಪು ಬಿಡಿಸುತ್ತಾ ಎಲ್ಲ ಹೇಳುತ್ತಾರೆ. ಹಗಲು ಹೊತ್ತಿನಲ್ಲಿ ಬನ್ನಿ.